ಮೂರು ಫ್ರೇಮ್ ತಡವಾಗಿ ಬಂದ ಡೊಳ್ಳು

ಕಾಲೇಜಲ್ಲಿದ್ದಾಗ ನೀವೂ ಒಂದು ವಿಡಿಯೊ ಮಾಡಿರ್ತೀರಿ. ಕಿರುಚಿತ್ರವೋ, ಫೆಸ್ಟಿನ ಪ್ರೋಮೊನೋ, ಹಾಸ್ಟೆಲ್ ಟೆರೇಸಿನ ಮೇಲೆ ಕುಣಿದ ಹಾಡೋ. ಆಗ ಅದೇ ದೊಡ್ಡ ಸಾಧನೆ. ಈಗ ಯಾರಾದ್ರೂ ಟ್ಯಾಗ್ ಮಾಡಿದ್ರೆ ಮುಖ ಮುಚ್ಕೊಳ್ಳೋ ಹಾಗಾಗುತ್ತೆ. ನಂದೂ ಒಂದಿದೆ. 4 ನಿಮಿಷ 10 ಸೆಕೆಂಡಿನ ಮ್ಯೂಸಿಕ್ ವಿಡಿಯೊ. ಬಹಳ ವರ್ಷ ಅದನ್ನ ನೋಡಿ ಹೆಮ್ಮೆ ಪಡ್ತಿದ್ದೆ. ಕಳೆದ ದಸರೆಯ ನಂತರ ನೋಡಿದಾಗ ಮಾತ್ರ ನಾಚಿಕೆಯಾಯ್ತು. ಅದು ಕೆಟ್ಟದಾಗಿದೆ ಅಂತಲ್ಲ. ಒಬ್ಬ ಗೆಳೆಯನಿಗೆ ನಾನು ಮಾಡಿದ ಅನ್ಯಾಯ ಅದರೊಳಗೆ ಅಡಗಿ ಕೂತಿತ್ತು.

2016ರ ಫೆಬ್ರವರಿ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ. ಜಿಯೊ ಇನ್ನೂ ಬಂದಿರಲಿಲ್ಲ. ಡೇಟಾ ಅಂದ್ರೆ ಚಿನ್ನ, ಯೂಟ್ಯೂಬ್ ಅಂದ್ರೆ ಕಾಲೇಜಿನ ವೈಫೈ. ನಾವು ಐದು ಜನ ಸೇರ್ಕೊಂಡು ಒಂದು ಹಾಡು ಮಾಡೋಣ ಅಂದ್ಕೊಂಡ್ವಿ. ಹಾಡೋದಕ್ಕೆ ಒಬ್ಬಳು, ಗಿಟಾರಿಗೆ ಒಬ್ಬ, ಕ್ಯಾಮೆರಾಕ್ಕೆ ಒಬ್ಬ, ಡೊಳ್ಳಿಗೆ ಒಬ್ಬ. ಯಾವುದೂ ಬಾರದ ನಾನು ನಿರ್ದೇಶಕ ಮತ್ತು ಎಡಿಟರ್!

ಹಾಡು ಯಾರದ್ದು?

ಮೊದಲ ಜಗಳ ಹಾಡಿನ ಆಯ್ಕೆಗೇ. ಎಲ್ಲರಿಗೂ ಸಿನಿಮಾ ಹಾಡಿನ ಕವರ್ ಮಾಡೋ ಆಸೆ. ಆದ್ರೆ ಹಿಂದಿನ ವರ್ಷದ ಸೀನಿಯರ್‌ಗಳು ಹಾಗೆ ಮಾಡಿ, ಅಪ್‌ಲೋಡ್ ಮಾಡಿದ ಮರುದಿನವೇ ವಿಡಿಯೊ ಮ್ಯೂಟ್ ಆಗಿ ಕೂತಿದ್ದನ್ನ ಕಣ್ಣಾರೆ ನೋಡಿದ್ವಿ. ಕೊನೆಗೆ ಶಿಶುನಾಳ ಶರೀಫರ ಒಂದು ತತ್ವಪದ ಅಂತ ತೀರ್ಮಾನ ಆಯ್ತು. ಶರೀಫರು ತೀರಿಕೊಂಡಿದ್ದು 1889ರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಬರೆದವರು ತೀರಿಕೊಂಡು 60 ವರ್ಷ ಆದ ಮೇಲೆ ಸಾಹಿತ್ಯದ ಕಾಪಿರೈಟ್ ಮುಗಿಯುತ್ತೆ. ಅಂದ್ರೆ ಪದ ಎಲ್ಲರದ್ದು. ಆದ್ರೆ ನಾವು ಕ್ಯಾಸೆಟ್ಟಿನಲ್ಲಿ ಕೇಳಿ ಬೆಳೆದ ರಾಗ ಎಲ್ಲರದ್ದಲ್ಲ. ಆ ಸಂಗೀತ ಸಂಯೋಜನೆಗೆ ಬೇರೆ ಹಕ್ಕು, ಆ ರೆಕಾರ್ಡಿಂಗಿಗೆ ಇನ್ನೊಂದು ಹಕ್ಕು. ಇಂದಿಗೂ ಎಷ್ಟೋ ಜನ ಎಡವೋದು ಇಲ್ಲೇ. ಹಾಗಾಗಿ ರಾಗ ನಾವೇ ಹಾಕಿದ್ವಿ. ಹಾಸ್ಟೆಲ್ ರೂಮಿನ ಕಿಟಕಿಗೆ ಹಾಸಿಗೆ ಅಡ್ಡ ನಿಲ್ಲಿಸಿ, ಒಂದು ಸಾಧಾರಣ ಯುಎಸ್‌ಬಿ ಮೈಕಿನಲ್ಲಿ ರೆಕಾರ್ಡ್ ಮಾಡಿದ್ವಿ.

ಅಲ್ಲಿ ಎಲ್ಲರ ಬಾಯಿ ಮುಚ್ಚಿಸಿದವನು ಡೊಳ್ಳಣ್ಣ. ಹೆಸರು ಬೇಡ, ನಾವೆಲ್ಲ ಹಾಗೇ ಕರೀತಿದ್ದಿದ್ದು. ಸೊರಬದ ಕಡೆಯ ಹುಡುಗ. ಬೀರಪ್ಪನ ಒಕ್ಕಲಿನ ಮನೆ. ಅಪ್ಪ, ದೊಡ್ಡಪ್ಪ ಎಲ್ಲ ಡೊಳ್ಳು ಕಟ್ಟೋರೇ. ಹತ್ತು ಕೆಜಿಗೂ ಮೀರಿದ ಡೊಳ್ಳನ್ನ ಸೊಂಟಕ್ಕೆ ಬಿಗಿದುಕೊಂಡು ಅವನು ನಿಂತರೆ ಆ ರೂಮಿನಲ್ಲಿ ಇನ್ನೊಬ್ಬರಿಗೆ ಜಾಗ ಇರ್ತಿರಲಿಲ್ಲ. ನಮ್ಮ ಹಾಡಿನ ಗತಿ ನಿಮಿಷಕ್ಕೆ 100 ಬೀಟ್. ಕಿವಿಯಲ್ಲಿ ಮೆಟ್ರೊನೋಮ್ ಹಾಕ್ಕೊಂಡು ಒಂದೇ ಟೇಕಿನಲ್ಲಿ ಅಷ್ಟೂ ಹಾಡಿಗೆ ನುಡಿಸಿದ. ನಾನು ಕಂಪ್ಯೂಟರಿನಲ್ಲಿ ಗ್ರಿಡ್ ಹಾಕಿ ನೋಡಿದೆ. ಪ್ರತಿ ಏಟೂ ಗೆರೆಯ ಮೇಲೇ ಕೂತಿತ್ತು. ಈ ಮಾತು ನೆನಪಲ್ಲಿಟ್ಕೊಳ್ಳಿ. ನಾನು ಮರೆತಿದ್ದು ಇದನ್ನೇ.

ಕೂಡ್ಲಿಯ ಬೆಳಗ್ಗೆ

ಶೂಟಿಂಗಿಗೆ ಕೂಡ್ಲಿ. ತುಂಗೆ, ಭದ್ರೆ ಸೇರುವ ಜಾಗ. ಶಿವಮೊಗ್ಗದಿಂದ ಬೈಕಿನಲ್ಲಿ ಅರ್ಧ ಗಂಟೆ ಚಿಲ್ಲರೆ. ಫೆಬ್ರವರಿಯಲ್ಲಿ ನೀರು ಇಳಿದು ಬಂಡೆಗಳು ಕಾಣ್ತವೆ. ಹಳೇ ದೇವಸ್ಥಾನದ ಆವರಣದಲ್ಲಿ ಕ್ಯಾಮೆರಾ ಇಟ್ಟರೆ ಅನುಮತಿ, ಪತ್ರ ಅಂತ ರಗಳೆ. ಹಾಗಾಗಿ ನದಿ ದಂಡೆಯಲ್ಲೇ ಮುಗಿಸೋ ಪ್ಲಾನ್.

ಕ್ಯಾಮೆರಾ, ಯಾರದೋ ಅಣ್ಣನ ಮದುವೆ ಫೋಟೊಗ್ರಾಫರ್ ಹತ್ರ ಬೇಡಿ ತಂದ ಕ್ಯಾನನ್ ಡಿಎಸ್ಎಲ್ಆರ್. ಕೊಡುವಾಗ ಆತ ಒಂದೇ ಪಾಠ ಹೇಳಿಕೊಟ್ಟ: ‘ಸೆಕೆಂಡಿಗೆ 25 ಫ್ರೇಮ್ ಇಟ್ಕೋ, ಶಟರ್ 1/50 ಇಟ್ಕೋ, ಮತ್ತೇನೂ ಮುಟ್ಬೇಡ.’ ಅದು ಬರೀ ಹಟ ಅಲ್ಲ ಅಂತ ಆಮೇಲೆ ಗೊತ್ತಾಯ್ತು. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟಿನ ಕೆಳಗೆ ಬೇರೆ ಶಟರ್ ಇಟ್ಟರೆ ಚಿತ್ರ ಮಿಣಮಿಣ ಅನ್ನುತ್ತೆ. ಜೊತೆಗೆ ಫ್ರೇಮ್ ಸಂಖ್ಯೆಯ ಎರಡರಷ್ಟು ಶಟರ್ ಇಟ್ಟರೆ ಕೈಕಾಲಿನ ಚಲನೆ ಸಿನಿಮಾದಲ್ಲಿ ಕಾಣೋ ಹಾಗೆ ಸಹಜವಾಗಿ ಕಾಣುತ್ತೆ.

25 ಫ್ರೇಮಿನಿಂದ ನಮಗೆ ಇನ್ನೊಂದು ಅನುಕೂಲ ಆಯ್ತು. ನಿಮಿಷಕ್ಕೆ 100 ಬೀಟ್ ಅಂದ್ರೆ ಒಂದು ಬೀಟಿಗೆ 0.6 ಸೆಕೆಂಡ್. ಸೆಕೆಂಡಿಗೆ 25ರಂತೆ ಲೆಕ್ಕ ಹಾಕಿದರೆ ಸರಿಯಾಗಿ 15 ಫ್ರೇಮ್. ಕಟ್ ಮಾಡುವಾಗ 15, 30, 60 ಅಂತ ಎಣಿಸಿದರೆ ಸಾಕು, ಕಟ್ ತಾಳಕ್ಕೆ ಬೀಳ್ತಿತ್ತು. ಇದು ಹೊಳೆದ ರಾತ್ರಿ ನಾನು ನಿದ್ದೆ ಮಾಡ್ಲಿಲ್ಲ ಅಂದ್ರೆ ನಂಬಿ.

ಮ್ಯೂಸಿಕ್ ವಿಡಿಯೊ ಶೂಟ್ ಮಾಡೋ ಕ್ರಮ ಗೊತ್ತಲ್ಲ? ಹಾಡು ಮೊದಲೇ ರೆಡಿ ಇರುತ್ತೆ. ಸ್ಪಾಟಿನಲ್ಲಿ ಅದನ್ನ ಜೋರಾಗಿ ಹಾಕಿ, ಕಲಾವಿದರು ಅದಕ್ಕೆ ತುಟಿ ಆಡಿಸ್ತಾರೆ, ವಾದ್ಯ ನುಡಿಸ್ತಾರೆ. ಹಿಂದೆ ಸಿನಿಮಾದವರು ಇದಕ್ಕೆ ನಾಗ್ರಾ ಅನ್ನೋ ಟೇಪ್ ಯಂತ್ರ ಇಟ್ಕೋತಿದ್ರು. ನಮ್ಮದು ಗಣೇಶನ ಪೆಂಡಾಲಿಗೆ ಬಾಡಿಗೆ ಕೊಡೋರ ಹಾರ್ನ್ ಸ್ಪೀಕರ್, 12 ವೋಲ್ಟಿನ ಬ್ಯಾಟರಿ, ಒಂದು ಫೋನು. ಕ್ಯಾಮೆರಾದ ಮೈಕಿನಲ್ಲಿ ಆ ಸ್ಪೀಕರಿನ ಸದ್ದೂ ದಾಖಲಾಗುತ್ತೆ. ಎಡಿಟಿಂಗ್‌ನಲ್ಲಿ ಅದನ್ನೂ ಅಸಲಿ ಹಾಡನ್ನೂ ಒಂದರ ಕೆಳಗೊಂದು ಇಟ್ಟು, ಅಲೆಗಳನ್ನ ಹೊಂದಿಸಿದರೆ ಚಿತ್ರ ಹಾಡಿಗೆ ಕೂರುತ್ತೆ.

ಬೆಳಗ್ಗೆ ಏಳಕ್ಕೆ ಶುರು. ಹಾಡುಗಾರ್ತಿಯ ಶಾಟ್‌ಗಳು ಸಲೀಸು. ನೀರಿನಲ್ಲಿ ನಡೆಯುವ ಸ್ಲೋ ಮೋಷನ್ ಒಂದು ಬೇಕಿತ್ತು. ಅದರಲ್ಲೂ ತುಟಿ ಹಾಡಿಗೆ ಸರಿಯಾಗಿ ಕೂರಬೇಕು. ಉಪಾಯ ಏನಂದ್ರೆ, ಹಾಡನ್ನ ಎರಡು ಪಟ್ಟು ವೇಗದಲ್ಲಿ ಹಾಕಿ, ಸೆಕೆಂಡಿಗೆ 50 ಫ್ರೇಮಿನಲ್ಲಿ ಶೂಟ್ ಮಾಡೋದು. ಆಮೇಲೆ 25ಕ್ಕೆ ಇಳಿಸಿದರೆ ತುಟಿ ಸರಿ ವೇಗಕ್ಕೆ ಬರುತ್ತೆ, ಮೈ, ಸೆರಗು, ನೀರು ಎಲ್ಲ ನಿಧಾನ ಆಗ್ತವೆ. ಶರೀಫರ ಪದ ಹಾರ್ನ್ ಸ್ಪೀಕರಿನಲ್ಲಿ ಇಲಿಮರಿ ದನಿಯಲ್ಲಿ ಓಡ್ತಾ ಇದ್ರೆ, ಇವಳು ಮೊಣಕಾಲು ನೀರಿನಲ್ಲಿ ಗಂಭೀರ ಮುಖ ಮಾಡ್ಕೊಂಡು ಬುಡಬುಡ ತುಟಿ ಆಡಿಸ್ತಾ ಬರಬೇಕು. ಬಟ್ಟೆ ಒಗೆಯೋಕೆ ಬಂದ ಹೆಂಗಸರು ನಕ್ಕೂ ನಕ್ಕೂ ಸುಸ್ತಾದ್ರು. ಆದ್ರೆ ಇಡೀ ವಿಡಿಯೊದಲ್ಲಿ ಚೆನ್ನಾಗಿ ಬಂದಿದ್ದು ಅದೇ ಶಾಟ್.

ಒಂಬತ್ತು ಗಂಟೆಗೆ ಡೊಳ್ಳಣ್ಣನ ಸರದಿ. ನನ್ನ ತಲೆಯಲ್ಲಿ ಒಂದು ಚಿತ್ರ ಕೂತಿತ್ತು: ನದಿ ಮಧ್ಯದ ಬಂಡೆಯ ಮೇಲೆ ಒಬ್ಬನೇ ನಿಂತು ಡೊಳ್ಳು ಬಾರಿಸ್ತಿದಾನೆ, ಸುತ್ತ ನೀರು. ಅವನು ಡೊಳ್ಳನ್ನ ತಲೆ ಮೇಲೆ ಹೊತ್ಕೊಂಡು ನೀರು ದಾಟಿ ಬಂಡೆ ಹತ್ತಿದ. ಕ್ಯಾಮೆರಾ, ಸ್ಪೀಕರ್, ನಾನು ಎಲ್ಲ ದಂಡೆಯಲ್ಲಿ. ಜೂಮ್ ಲೆನ್ಸ್ ಹಾಕಿ ಶುರು ಮಾಡಿದ್ವಿ.

ಮೊದಲ ಟೇಕಿನಲ್ಲೇ ನನಗೆ ತಡೆಯೋಕಾಗ್ಲಿಲ್ಲ. ಸ್ಪೀಕರಿನಲ್ಲಿ ಬೀಟ್ ಬಿದ್ದ ಮೇಲೆ, ಇನ್ನೇನು ಮುಂದಿನದು ಬರಬೇಕು ಅನ್ನುವಾಗ ಅವನ ಏಟು ಕೇಳಿಸ್ತಿದೆ. ಪೂರ್ತಿ ಹಾಡು ಹಾಗೇ. ‘ಏಯ್, ಬೀಟ್ ಕೇಳ್ಕೊಂಡು ಹೊಡಿಯೋ!’ ಅಂತ ಕೂಗಿದೆ. ಎರಡನೇ ಟೇಕೂ ಹಾಗೇ. ಮೂರನೆಯದೂ ಹಾಗೇ. ‘ನಾನು ಸರಿಯಾಗೇ ಹೊಡೀತಿದೀನಿ ಕಣೋ’ ಅಂದ ಆ ಕಡೆಯಿಂದ. ‘ಇಲ್ಲ ಕಣೋ, ತಡ ಆಗ್ತಿದೆ, ಮುಂಚೆ ಹೊಡಿ’ ಅಂದೆ ನಾನು. ಐದನೇ ಟೇಕಿನಿಂದ ಅವನು ಕಂಗಾಲಾಗಿ ಒಮ್ಮೆ ಮುಂಚೆ, ಒಮ್ಮೆ ತಡ. ಏಳನೇ ಟೇಕಿಗೆ ಬಂಡೆ ಕಾದಿತ್ತು, ಅವನ ಕೈಯೂ ಸೋತಿತ್ತು. ಪ್ಯಾಕಪ್ ಅಂದೆ.

ವಾಪಸ್ ಬರುವಾಗ ಅವನು ಬೈಕಿನ ಹಿಂದೆ ಡೊಳ್ಳು ತಬ್ಕೊಂಡು ಕೂತಿದ್ದ. ಮಾತಾಡ್ಲಿಲ್ಲ. ನಾನೂ ಮಾತಾಡಿಸ್ಲಿಲ್ಲ.

ಎಡಿಟಿಂಗ್ ಟೇಬಲ್ ಅನ್ನೋ ನ್ಯಾಯಪೀಠ

ಆ ಕ್ಯಾಮೆರಾದಲ್ಲಿ ಒಂದು ನಿಮಿಷದ ವಿಡಿಯೊಗೆ ಸುಮಾರು 330 ಎಂಬಿ. ನನ್ನ ಲ್ಯಾಪ್‌ಟಾಪಿನ ರ‍್ಯಾಮ್ 4 ಜಿಬಿ. ಪ್ಲೇ ಒತ್ತಿದರೆ ಚಿತ್ರ ಕುಂಟುತ್ತಾ ಬರ್ತಿತ್ತು. ಎಲ್ಲ ಫೈಲಿಗೂ ಸಣ್ಣ ಗಾತ್ರದ ಪ್ರಾಕ್ಸಿ ಮಾಡ್ಕೊಂಡು, ಮೂರು ವಾರ ರಾತ್ರಿ ಕೂತು ಎಡಿಟ್ ಮಾಡಿದೆ.

ಎಡಿಟಿಂಗ್‌ನಲ್ಲಿ ಒಂದು ವಿಚಿತ್ರ ಅಧಿಕಾರ ಇದೆ. ಮನುಷ್ಯರೆಲ್ಲ ಅಲ್ಲಿ ಕ್ಲಿಪ್‌ಗಳಾಗ್ತಾರೆ. ಯಾರು ಎಷ್ಟು ಸೆಕೆಂಡ್ ಇರ್ಬೇಕು, ಯಾರ ನಗು ಇರ್ಬೇಕು, ಯಾರ ಬೆನ್ನು ಮಾತ್ರ ಕಾಣ್ಬೇಕು ಅಂತ ಒಬ್ಬನೇ ಕೂತು ತೀರ್ಮಾನಿಸ್ತೀರಿ. ಯಾರೂ ವಾದ ಮಾಡಲ್ಲ. ನಾನು ಡೊಳ್ಳಣ್ಣನ ಶಾಟ್‌ಗಳನ್ನ ಹಾಡಿಗೆ ಹೊಂದಿಸಿ ನೋಡಿದೆ. ಕೋಲು ಚರ್ಮಕ್ಕೆ ತಾಗೋ ಮುಂಚೆಯೇ ಸದ್ದು ಬರ್ತಿದೆ. ಕಣ್ಣಿಗೆ ಹೊಡೆಯುವಷ್ಟು ತಪ್ಪು. ಕಿತ್ತು ಹಾಕಿದೆ. ಅವನ ಏಳು ಟೇಕಿನಲ್ಲಿ ಉಳಿದಿದ್ದು ಕೈಗಳ ಒಂದು ಕ್ಲೋಸಪ್. ಒಂದೂವರೆ ಸೆಕೆಂಡ್.

ಫೈನಲ್ ಎಡಿಟ್ ನೋಡೋಕೆ ಅವನು ರೂಮಿಗೆ ಬಂದ. ನೋಡಿ, ‘ನಾನೆಲ್ಲಿ?’ ಅಂದ. ನಾನು ಏನೂ ಹೇಳದೆ ಮೂರನೇ ಟೇಕ್ ತೆಗೆದು ಪ್ಲೇ ಮಾಡಿದೆ. ಅವನು ಎರಡು ಸಲ ನೋಡಿದ. ‘ಹೌದಲ್ಲ, ತಡ ಆಗಿದೆ’ ಅಂದ. ಎದ್ದು ಹೋದ. ಬಾಯಲ್ಲಿ ಹೇಳಿದ್ದರೆ ಜಗಳ ಆಡ್ತಿದ್ದನೇನೋ. ಪರದೆ ಮೇಲೆ ಕಂಡಿದ್ದನ್ನ ಯಾರು ಅಲ್ಲಗಳೀತಾರೆ?

ಏಪ್ರಿಲ್‌ನಲ್ಲಿ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ಪ್ರದರ್ಶನ. ಡೊಳ್ಳಣ್ಣನ ಅಪ್ಪ ಊರಿಂದ ಬಂದಿದ್ರು. ಮಗ ಹಾಡಿನಲ್ಲಿದಾನೆ ಅಂತ ಅವನು ಫೆಬ್ರವರಿಯಲ್ಲೇ ಹೇಳಿಬಿಟ್ಟಿದ್ದ. ವಿಡಿಯೊ ಮುಗಿದ ಮೇಲೆ ಅವರು ನನ್ನ ಹತ್ರ ಬಂದು, ‘ಚೆನ್ನಾಗಿ ಮಾಡೀರಿ. ಆ ಕೈ ನಮ್ಮ ಹುಡುಗನದ್ದೇ ಅಲ್ವಾ? ಕೋಲು ಹಿಡಿಯೋದು ನೋಡಿದ್ರೆ ಗೊತ್ತಾಗುತ್ತೆ’ ಅಂದ್ರು. ಒಂದೂವರೆ ಸೆಕೆಂಡಿನಲ್ಲಿ ಮಗನ ಕೈ ಹುಡುಕಿದ್ರು. ನಾನು ‘ಹೌದು ಅಂಕಲ್’ ಅಂದು ಸಮೋಸ ತಿನ್ನೋಕೆ ಹೋದೆ.

ಸಯ್ಯಾಜಿರಾವ್ ರಸ್ತೆಯಲ್ಲಿ ಸಿಕ್ಕ ಉತ್ತರ

ಕಳೆದ ದಸರೆಗೆ ಮೈಸೂರಿಗೆ ಹೋಗಿದ್ದೆ. ಸಯ್ಯಾಜಿರಾವ್ ರಸ್ತೆಯ ಪಕ್ಕದ ಒಂದು ಕಟ್ಟಡದ ಟೆರೇಸ್ ಮೇಲೆ ನಿಂತು ಜಂಬೂಸವಾರಿ ನೋಡ್ತಿದ್ವಿ. ದೂರದಲ್ಲಿ ಒಂದು ಡೊಳ್ಳಿನ ತಂಡ ಬರ್ತಿತ್ತು. ಫೋನಿನಲ್ಲಿ ಜೂಮ್ ಮಾಡಿ ವಿಡಿಯೊ ಮಾಡೋಕೆ ಹೊರಟೆ. ಕೋಲು ಚರ್ಮಕ್ಕೆ ಬೀಳುತ್ತೆ, ಸದ್ದು ಇಲ್ಲ. ಕೋಲು ಮೇಲೇಳುತ್ತೆ, ಆಗ ಸದ್ದು ಕೇಳುತ್ತೆ. ತಂಡ ಹತ್ತಿರ ಬಂದ ಹಾಗೆ ಸದ್ದೂ ಕೋಲೂ ಒಂದಾದ್ವು.

ಇದೇನು ಹೊಸ ವಿಷಯ ಅಲ್ಲ. ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯೋರನ್ನ ನೋಡಿದ ಯಾರಿಗೂ ಗೊತ್ತು. ಬಟ್ಟೆ ಕಲ್ಲಿಗೆ ಬಿದ್ದು ಆಮೇಲೆ ‘ಟಪ್’ ಅನ್ನುತ್ತೆ. ಬೆಳಕು ತಕ್ಷಣ ತಲುಪುತ್ತೆ, ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಓಡುತ್ತೆ. ಎಂಟನೇ ಕ್ಲಾಸಿನ ಪಾಠ. ಟೆರೇಸ್ ಮೇಲೆ ನಿಂತ ನನಗೆ ಒಮ್ಮೆಲೇ ಕೂಡ್ಲಿಯ ಬಂಡೆ ನೆನಪಾಯ್ತು.

ಬೆಂಗಳೂರಿಗೆ ಬಂದವನೇ ಹಳೇ ಹಾರ್ಡ್ ಡಿಸ್ಕ್ ಹುಡುಕಿದೆ. ಪುಣ್ಯಕ್ಕೆ ರಶಸ್ ಅಷ್ಟೂ ಇತ್ತು. ಮೊದಲು ಉಪಗ್ರಹ ನಕ್ಷೆಯಲ್ಲಿ ದಂಡೆಯಿಂದ ಆ ಬಂಡೆಗೆ ಅಳತೆ ಹಾಕಿದೆ. ನಲವತ್ತು ಮೀಟರ್ ಚಿಲ್ಲರೆ. 340ರಿಂದ ಭಾಗಿಸಿದರೆ ಸುಮಾರು 0.12 ಸೆಕೆಂಡ್. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಮೂರು ಫ್ರೇಮ್.

ಅಂದ್ರೆ ಸ್ಪೀಕರಿನಿಂದ ಹೊರಟ ಹಾಡು ಬಂಡೆ ಮೇಲಿದ್ದ ಅವನಿಗೆ ತಲುಪೋ ಹೊತ್ತಿಗೆ ದಂಡೆಯಲ್ಲಿ ಅದು ಮೂರು ಫ್ರೇಮ್ ಮುಂದೆ ಹೋಗಿರ್ತಿತ್ತು. ಅವನು ತನಗೆ ಕೇಳಿದ್ದಕ್ಕೆ ಸರಿಯಾಗಿ ಬಾರಿಸ್ತಿದ್ದ. ಆ ಏಟಿನ ಸದ್ದು ವಾಪಸ್ ನನ್ನ ಕಿವಿಗೆ ಬರೋಕೆ ಇನ್ನೂ ಮೂರು ಫ್ರೇಮ್. ಒಟ್ಟು ಆರು. ಒಂದು ಬೀಟಿಗೇ 15 ಫ್ರೇಮ್ ಇರುವಾಗ ಆರು ಫ್ರೇಮ್ ಅಂದ್ರೆ ಹೆಚ್ಚುಕಡಿಮೆ ಅರ್ಧ ಬೀಟ್. ಅದಕ್ಕೇ ನನಗೆ ಅಷ್ಟು ಅಧ್ವಾನವಾಗಿ ಕೇಳಿಸಿದ್ದು.

ನಂಬಿಕೆ ಬರಲಿಲ್ಲ. ಮೊದಲ ನಾಲ್ಕು ಟೇಕುಗಳನ್ನ ಒಂದೊಂದೇ ಫ್ರೇಮ್ ಸರಿಸಿ ನೋಡಿದೆ. ಪ್ರತಿ ಏಟೂ ಮೂರು ಫ್ರೇಮ್ ತಡ. ಹಾಡಿನ ಮೊದಲಲ್ಲೂ ಮೂರು, ಕೊನೆಯಲ್ಲೂ ಮೂರು. ತಾಳ ತಪ್ಪುವವನು ಒಂದೊಂದು ಸಲ ಒಂದೊಂದು ಥರ ತಪ್ಪುತ್ತಾನೆ. ನಾಲ್ಕು ಟೇಕಿನಲ್ಲಿ ನೂರಾರು ಏಟು, ಎಲ್ಲವೂ ಅಷ್ಟೇ ತಡ ಅಂದ್ರೆ ಅದು ತಪ್ಪಲ್ಲ, ದೂರ.

ಕ್ಲಿಪ್ ಆಯ್ಕೆ ಮಾಡಿ ಮೂರು ಸಲ ಎಡಗಡೆ ಬಾಣ ಒತ್ತಿದೆ. ಕೋಲು ಬಿತ್ತು, ಸದ್ದು ಬಂತು. ಒಟ್ಟಿಗೇ. ಕೊನೆಯ ಚರಣದವರೆಗೂ ಒಟ್ಟಿಗೇ. ರಾತ್ರಿ ಒಂದು ಗಂಟೆ. ನದಿ ಮಧ್ಯೆ ಅವನೊಬ್ಬನೇ. ನಾನು 2016ರಲ್ಲಿ ತಲೆಯಲ್ಲಿ ಕಂಡಿದ್ದ ಅದೇ ಚಿತ್ರ, ಇಷ್ಟು ವರ್ಷ ಹಾರ್ಡ್ ಡಿಸ್ಕಿನಲ್ಲೇ ಬಿದ್ದಿತ್ತು.

ಈಗ ಶೂಟ್ ಮಾಡುವವರಿಗೆ

ನೀವು ಆಫೀಸಿನ ಆ್ಯನ್ಯುಯಲ್ ಡೇಗೋ, ತಂಗಿಯ ಮದುವೆಗೋ ಇಂಥದ್ದೊಂದು ಮಾಡೋಕೆ ಹೊರಟಿದ್ರೆ ಕೆಲವು ಮಾತು. ಹಾಡಿನ ಸ್ಪೀಕರ್ ಕ್ಯಾಮೆರಾ ಪಕ್ಕ ಅಲ್ಲ, ಹಾಡುವವರ, ನುಡಿಸುವವರ ಪಕ್ಕ ಇರಲಿ. ದೂರದ ಶಾಟ್ ಆದ್ರೆ ಅವರ ಕಿವಿಗೇ ಒಂದು ಇಯರ್‌ಫೋನ್ ಕೊಟ್ಟು, ಅವರ ಜೇಬಿನ ಫೋನಿನಿಂದ ಹಾಡು ಹಾಕಿ. ಆದ್ರೆ ಬ್ಲೂಟೂತ್ ಬೇಡ, ಅದೂ ತಡ ಮಾಡುತ್ತೆ. ವೈರ್ ಇರೋದೇ ಒಳ್ಳೇದು. ಆಗ ಕ್ಯಾಮೆರಾದಲ್ಲಿ ಹಾಡು ದಾಖಲಾಗಲ್ಲ, ಹಾಗಾಗಿ ಶುರುವಿನಲ್ಲಿ ನಾಲ್ಕು ಏಟು ಕ್ಯಾಮೆರಾಗೆ ಕಾಣೋ ಹಾಗೆ ಹೊಡೆಸ್ಕೊಳ್ಳಿ, ಹೊಂದಿಸೋಕೆ ಗುರುತು ಸಿಗುತ್ತೆ.

ಫೋನಿನಲ್ಲಿ ಶೂಟ್ ಮಾಡುವಾಗ ಇನ್ನೊಂದು ಎಚ್ಚರ. ಎಷ್ಟೋ ಫೋನ್‌ಗಳು ಬೆಳಕು ನೋಡ್ಕೊಂಡು ಫ್ರೇಮ್ ರೇಟನ್ನ ತಾವೇ ಹೆಚ್ಚು ಕಡಿಮೆ ಮಾಡ್ತವೆ. ಆಗ ಶುರುವಲ್ಲಿ ಸರಿ ಇದ್ದ ತುಟಿ ಕೊನೆಯಲ್ಲಿ ಜಾರಿರುತ್ತೆ. ಅಂಥ ಫೈಲನ್ನ ಎಡಿಟ್‌ಗೆ ಮುಂಚೆ ಸ್ಥಿರ ಫ್ರೇಮ್ ರೇಟಿಗೆ ಬದಲಿಸ್ಕೊಳ್ಳಿ.

ಸದ್ದು ಚಿತ್ರಕ್ಕಿಂತ ತಡವಾದರೆ ಕಣ್ಣು ಅಷ್ಟಾಗಿ ಗಮನಿಸಲ್ಲ. ಮುಂಚೆ ಬಂದ್ರೆ ತಕ್ಷಣ ಹಿಡಿಯುತ್ತೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಲ್ಲೂ ಈ ವ್ಯತ್ಯಾಸ ಇದೆ: ಸದ್ದು 45 ಮಿಲಿಸೆಕೆಂಡ್ ಮುಂಚೆ ಬಂದರೇ ಗೊತ್ತಾಗುತ್ತೆ, ತಡವಾದರೆ 125ರವರೆಗೂ ಗೊತ್ತಾಗಲ್ಲ. ನಮ್ಮ ಸುತ್ತಲ ಲೋಕದಲ್ಲಿ ಸದ್ದು ಯಾವಾಗಲೂ ಬೆಳಕಿನ ಹಿಂದೆಯೇ ಬರುವುದರಿಂದ ನಮಗೆ ಅದು ಅಭ್ಯಾಸ. ನನ್ನ ಕಣ್ಣು ಹಿಡಿದ ತಪ್ಪು ನಿಜವೇ ಆಗಿತ್ತು. ಅದನ್ನ ಯಾರ ತಲೆಗೆ ಕಟ್ಟಬೇಕು ಅನ್ನೋದ್ರಲ್ಲಿ ನಾನು ಎಡವಿದೆ. ಮನುಷ್ಯನನ್ನ ಅನುಮಾನಿಸುವ ಮುಂಚೆ ಒಂದು ಸಲ ವ್ಯವಸ್ಥೆಯನ್ನ ಅನುಮಾನಿಸಿ. ಮತ್ತೆ, ರಶಸ್ ಮಾತ್ರ ಯಾವತ್ತೂ ಡಿಲೀಟ್ ಮಾಡ್ಬೇಡಿ.

ಫೋನ್ ಮಾಡಿದೆ

ಹೊಸದಾಗಿ ಎಡಿಟ್ ಮಾಡಿದೆ. ಅವನು 52 ಸೆಕೆಂಡ್ ಇದಾನೆ ಈಗ. ಕಳಿಸೋ ಮುಂಚೆ ಫೋನ್ ಮಾಡಿದೆ. ಅವನೀಗ ಊರಲ್ಲೇ ಸಹಕಾರಿ ಸಂಘವೊಂದರಲ್ಲಿ ಕೆಲಸ ಮಾಡ್ತಾನೆ. ಜೊತೆಗೆ ಅಡಿಕೆ ತೋಟ. ವರ್ಷಕ್ಕೊಮ್ಮೆ ಹುಟ್ಟುಹಬ್ಬಕ್ಕೆ ಮೆಸೇಜ್ ಮಾಡೋ ಅಷ್ಟು ಸಂಪರ್ಕ. ನಲವತ್ತು ಮೀಟರ್, ಮೂರು ಫ್ರೇಮ್ ಅಂತ ಎಲ್ಲ ಬಿಡಿಸಿ ಹೇಳಿ, ‘ನಿನ್ನ ತಾಳ ತಪ್ಪಿರ್ಲಿಲ್ಲ ಕಣೋ, ಸಾರಿ’ ಅಂದೆ.

‘ಅಷ್ಟೇನಾ?’ ಅಂತ ನಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: ‘ನೀನು ಆ ವಿಡಿಯೊ ತೋರಿಸಿದ ಮೇಲೆ, ನಾನು ತಡ ಆಗ್ತೀನಿ ಅನ್ನೋದು ತಲೇಲಿ ಕೂತುಬಿಡ್ತು. ಊರಲ್ಲಿ ತಂಡದ ಜೊತೆ ಹೊಡೆಯುವಾಗೆಲ್ಲ ಸ್ವಲ್ಪ ಮುಂಚೆ ಹೊಡೆಯೋಕೆ ಶುರು ಮಾಡಿದೆ. ಎರಡು ವರ್ಷ ದೊಡ್ಡಪ್ಪನ ಹತ್ರ ಬೈಸ್ಕೊಂಡೆ, ಯಾಕೋ ಓಡ್ತೀಯ ಅಂತ. ಆಮೇಲೆ ಹಬ್ಬಕ್ಕೂ ಡೊಳ್ಳು ಕಟ್ಟೋದು ಬಿಟ್ಟೆ. ಕೊನೆಗೆ ಅಪ್ಪನೇ ಹೇಳಿದ್ದು, ಕಣ್ಣು ಮುಚ್ಕೊಂಡು ಹೊಡಿ, ಯಾರನ್ನೂ ನೋಡ್ಬೇಡ ಅಂತ. ಆಗ ಸರಿಹೋಯ್ತು.’

ಇದು ನನಗೆ ಗೊತ್ತೇ ಇರಲಿಲ್ಲ. ಒಂದು ಶಾಟ್ ಕಿತ್ತು ಹಾಕಿದೆ, ಬೇಜಾರಾಗಿರ್ಬಹುದು ಅಂದ್ಕೊಂಡಿದ್ದೆ ಅಷ್ಟೇ. ಮೆಟ್ರೊನೋಮಿನ ಗೆರೆ ಮೇಲೆ ನಿಲ್ತಿದ್ದ ಕೈಯನ್ನ ಎರಡು ವರ್ಷ ಹಳಿ ತಪ್ಪಿಸಿದ್ದೆ. ಏನು ಹೇಳೋದು ಅಂತ ತಿಳೀದೆ, ‘ವಿಡಿಯೊ ಕಳಿಸ್ಲಾ?’ ಅಂದೆ.

‘ಅಪ್ಪನ ನಂಬರಿಗೆ ಕಳ್ಸು’ ಅಂದ. ‘ನಾನು ಅವರ ಫೋನಲ್ಲೇ ನೋಡ್ತೀನಿ.’

ಕಳಿಸಿದೆ. ಎರಡು ನೀಲಿ ಟಿಕ್ ಬಿದ್ದು ಎರಡು ದಿನ ಆದ್ರೂ ಉತ್ತರ ಇಲ್ಲ. ಮೂರನೇ ದಿನ ಡೊಳ್ಳಣ್ಣನದೇ ಮೆಸೇಜ್ ಬಂತು. ಅಪ್ಪ ಮನೆಗೆ ಬಂದವರಿಗೆಲ್ಲ ತೋರಿಸ್ತಿದಾರಂತೆ. ಕೆಳಗೆ ಇನ್ನೊಂದು ಸಾಲು:

‘ಬೇಸಿಗೇಲಿ ಬಾ, ಕೂಡ್ಲಿಗೆ ಹೋಗೋಣ. ಈ ಸಲ ಸ್ಪೀಕರ್ ಬಂಡೆ ಮೇಲೆ ನನ್ನ ಪಕ್ಕ ಇಡು.’